ತಾಂಡೇಲರ ಬೋಟಿಗೆ ಪೆಟ್ಟಿಗೆ ಯಾಕೆ?

ಭಾಯಂದರ್‌ನ ಓದುಗ ಮಿತ್ರರೇ,

ನಿಮ್ಮ ಭಾವ ಮಲ್ಪೆಯಲ್ಲಿ ತಾಂಡೇಲರು, ಅಂದರೆ ಮೀನುಗಾರಿಕೆ ಬೋಟ್ ನಡೆಸುವವರು. ನಡುಸಮುದ್ರದಲ್ಲಿ ಬೋಟ್ ನಿಲ್ಲಿಸಿ ಗುರುತಿನ ಕಾರ್ಡ್ ಕೇಳುತ್ತಾರೆ, ಈಗ ಬೋಟ್ ಯಾವುದು, ಎಲ್ಲಿದೆ ಎಂದು ತಿಳಿಸುವ ಟ್ರಾನ್ಸ್‌ಪಾಂಡರ್ ಪೆಟ್ಟಿಗೆ ಬೇರೆ ಕೂರಿಸಿದ್ದಾರೆ ಎಂದು ಬರೆದಿದ್ದೀರಿ. "ಇಷ್ಟು ದೊಡ್ಡ ನೌಕಾಪಡೆ ಇರುವಾಗ ಮೀನು ಹಿಡಿಯುವವರ ಮೇಲೆ ಯಾಕೆ ಕಣ್ಣು?" ಎಂದು ಕೇಳಿದ್ದೀರಿ. ಸಿಟ್ಟು ಸಹಜ. ಆದರೂ ಪೆಟ್ಟಿಗೆ ಬೇಕು ಅಂತಲೇ ಹೇಳುತ್ತೇನೆ.

2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ಮಾಡಲು ಕರಾಚಿಯಿಂದ ಹೊರಟ 10 ಮಂದಿ ಭಯೋತ್ಪಾದಕರು ಪೋರಬಂದರಿನ 'ಕುಬೇರ್' ಬೋಟನ್ನು ಹಿಡಿದರು. ಬೋಟಿನ ಕೆಲಸಗಾರರಾದ ಕಲಾಸಿಗಳನ್ನು ಕೊಂದರು. ದಾರಿಗೆ ಬೇಕೆಂದು ಉಳಿಸಿಕೊಂಡಿದ್ದ ತಾಂಡೇಲನನ್ನು ಮುಂಬೈ ಹತ್ತಿರ ಬಂದಾಗ ಮುಗಿಸಿದರು. ಆ ದಾಳಿಯಲ್ಲಿ ಮೊದಲು ಸತ್ತವರು ಮೀನುಗಾರರೇ. ರಬ್ಬರ್ ದೋಣಿಯಲ್ಲಿ ದಡ ಸೇರಿದವರನ್ನು "ಯಾರು ನೀವು?" ಎಂದು ಮೊದಲು ಕೇಳಿದವರೂ ಕೊಲಾಬಾದ ಮೀನುಗಾರರೇ.

ನಿಮ್ಮ ಪತ್ರ ಬಂದ ಮೇಲೆ ಆ ಕೇರಿಗೆ ಹೋಗಿದ್ದೆ. ಒಂದಕ್ಕೊಂದು ಉಜ್ಜುವ ಹಾಗೆ ಕಟ್ಟಿದ ಬೋಟುಗಳು. ಎಲ್ಲದರ ಮೇಲೂ ಅದೇ ನೀಲಿ ಟಾರ್ಪಾಲು, ಅದೇ ಹಸಿರು ಬಲೆ. ದಡದಲ್ಲಿ ನಿಂತರೇ ಯಾವುದು ಯಾರದೆಂದು ತಿಳಿಯಲಿಲ್ಲ. ಇನ್ನು ರಾಡಾರ್‌ನಲ್ಲಿ ಚುಕ್ಕಿಯಾಗಿ ಕಂಡರೆ ನಮ್ಮದೋ ಪರರದೋ ಹೇಗೆ ಗೊತ್ತಾಗಬೇಕು? 2024ರ ಫೆಬ್ರವರಿಯಲ್ಲೂ ಕುವೈತ್‌ನ ಬೋಟೊಂದು ಮುಂಬೈ ತನಕ ಬಂದ ಮೇಲೇ ಪೊಲೀಸರ ಕಣ್ಣಿಗೆ ಬಿತ್ತು. ಅದರಲ್ಲಿದ್ದವರು ಅಲ್ಲಿಂದ ತಪ್ಪಿಸಿಕೊಂಡು ಬಂದ ತಮಿಳುನಾಡಿನ ಮೂವರು ಪಾಪದವರು, ಪುಣ್ಯಕ್ಕೆ.

ಇನ್ನೊಂದು ಮಾತು. 'ಸುವರ್ಣ ತ್ರಿಭುಜ' ಬೋಟ್ ನಿಮಗೆ ನೆನಪಿರಲೇಬೇಕು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟು 7 ಮಂದಿಯೊಂದಿಗೆ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದಲ್ಲಿ. ಅಷ್ಟು ತಿಂಗಳು ಆ ಮನೆಯವರು ದಾರಿ ಕಾಯ್ದರು. ಈ ಪೆಟ್ಟಿಗೆ ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ "ಅಪಾಯದಲ್ಲಿದ್ದೇವೆ" ಎಂದು ತಿಳಿಸುತ್ತದೆ. 1 ಲಕ್ಷ ಬೋಟುಗಳಿಗೆ ಪುಕ್ಕಟೆ ಕೊಡುವ ಯೋಜನೆ 2024ರಲ್ಲಿ ಇಲ್ಲೇ ಪಾಲ್ಘರ್‌ನಲ್ಲಿ ಶುರುವಾಯಿತು.

ನೀವು ಹೇಳಿದ್ದರಲ್ಲೂ ನಿಜವಿದೆ. ಮೀನು ಸಿಕ್ಕ ಜಾಗ ತಾಂಡೇಲರ ಗುಟ್ಟು. ಅದು ಬೇರೆಯವರ ಕೈಗೆ ಹೋಗುವುದಿಲ್ಲ ಎಂಬ ಭರವಸೆ ಅವರಿಗೆ ಸಿಗಬೇಕು. ಕಾರ್ಡ್ ಕೇಳುವವರು ಗದರಬಾರದು. ಸುಮ್ನೆ ಗದರಿಸಿಕೊಂಡವರು ನಾಳೆ ಅನುಮಾನದ ಬೋಟ್ ಕಂಡರೂ 1554ಕ್ಕೆ ಫೋನ್ ಮಾಡುತ್ತಾರಾ? ಅದು ಕರಾವಳಿ ಕಾವಲು ಪಡೆಯ ನಂಬರ್. ಭಾವನವರಿಗೂ ಕೊಡಿ. ಪೆಟ್ಟಿಗೆ ಕೆಟ್ಟರೆ ಬೇಗ ರಿಪೇರಿ ಆಗುತ್ತದಾ, ಅವರನ್ನೇ ಕೇಳಿ ಬರೆಯಿರಿ. ಇದೇ ಪುಟದಲ್ಲಿ ಹಾಕುತ್ತೇವೆ.

ಸಂಪಾದಕ