ಅಂಗಳದಲ್ಲಿ ಅಡಿಕೆ, ಚಾವಡಿಯಲ್ಲಿ ಟೆಕ್ಕಿ
ಓದುಗರ ಪ್ರಶ್ನೆ, ಕರಾಟೆ ಟೀಚರ್ ಉತ್ತರ

ಪ್ರಶ್ನೆ: ಟೀಚರಿಗೆ ನಮಸ್ಕಾರ. ನನಗೆ 46 ವರ್ಷ. ಪೆರ್ಲದ ಹತ್ತಿರ ಅಡಿಕೆ ತೋಟ ಇದೆ. ಕಾಲೇಜಿಗೆ ಹೋಗುವಾಗ ಮಂಗಳೂರಿನಲ್ಲಿ ಶೋಟೋಕಾನ್ ಶೈಲಿಯ ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ಆಗಿತ್ತು. ಈಗ ಹತ್ತಿರದಲ್ಲಿ ಕ್ಲಾಸ್ ಇಲ್ಲ, ಒಬ್ಬನೇ ಕಟಾ (ತಡೆ, ಹೊಡೆತಗಳನ್ನು ಗೊತ್ತಾದ ಕ್ರಮದಲ್ಲಿ ಮಾಡುವ ಅಭ್ಯಾಸ) ಮಾಡುತ್ತೇನೆ. ಐದು ಹೆಯಾನ್, ಟೆಕ್ಕಿ ಶೋದಾನ್, ಬಸಾಯಿ ದಾಯಿ, ಇಷ್ಟೇ ನೆನಪಿರುವುದು. ಮಳೆಗಾಲದಲ್ಲಿ ಅಂಗಳ ಜಾರುತ್ತದೆ. ಆಮೇಲೆ ಅಡಿಕೆ ಹರಡಿರುತ್ತದೆ. ಮಗಳು "ಅಪ್ಪಾ, ಅದೇ ಡ್ಯಾನ್ಸ್ ಇನ್ನೆಷ್ಟು ವರ್ಷ?" ಅಂತ ನಗುತ್ತಾಳೆ. ಹೊಸ ಕಟಾ ಕಲಿಯಲೇ? ಬಲ ಮೊಣಕಾಲು ಬೇರೆ ಆಗಾಗ ನೋಯುತ್ತದೆ.

ಉತ್ತರ: ಏಳು ಕಟಾ ಸಾಲದಾ ಮಾರಾಯ್ರೇ! ಹಿಂದೆ ಕರಾಟೆಯ ತವರು ಒಕಿನಾವಾದಲ್ಲಿ ಮೂರೋ ಐದೋ ಕಟಾ ಚೆನ್ನಾಗಿ ಬಂದರೆ ಅವನೇ ದೊಡ್ಡ ಆಳು. ಒಂದು ಕಟಾಕ್ಕೆ ಮೂರು ವರ್ಷ ಅಂತ ಲೆಕ್ಕ. 1922ರಲ್ಲಿ ಅಲ್ಲಿಂದ ಟೋಕಿಯೋಗೆ ಹೋಗಿ ಕರಾಟೆ ತೋರಿಸಿದ ಫುನಾಕೋಶಿ ಗಿಚಿನ್ ಮೂರು ಟೆಕ್ಕಿ ಕಟಾಗಳಿಗೇ ಹತ್ತು ವರ್ಷ ಕೊಟ್ಟವರು. ರಾತ್ರಿ ಹೊತ್ತು ಗುರು ಅಜಾತೊ ಅವರ ಹಿತ್ತಲಿನಲ್ಲಿ ಕಲಿಕೆ. ಗುರುಗಳು ದೀಪ ಇಟ್ಟುಕೊಂಡು ಜಗಲಿಯಲ್ಲಿ ಕೂತು ನೋಡುವುದು, ಇವರು ವಾರಗಟ್ಟಲೆ, ತಿಂಗಳುಗಟ್ಟಲೆ ಅದೇ ಕಟಾ ಮಾಡುವುದು.

ಮಗಳಿಗೆ ಹೀಗೆ ಹೇಳಿ. ನಮ್ಮೂರಿನವರು ಅಭಿಮನ್ಯು ಕಾಳಗ ಯಕ್ಷಗಾನ ಆಟಕ್ಕೆ ರಾತ್ರಿ ನಿದ್ದೆಗೆಟ್ಟು ಕೂರುತ್ತಾರಲ್ಲ, ಕಥೆ ಗೊತ್ತಿಲ್ಲದೆಯಾ?

ಮೊದಲು ನಿಮ್ಮ ಮೊಣಕಾಲಿನ ವಿಷಯ. ಹೆಯಾನ್ ಶೋದಾನ್ ನೆನಪು ಮಾಡಿ. ಮೂರನೇ ಆಗೆ ಉಕೆ (ಮೇಲಿನ ಪೆಟ್ಟಿಗೆ ತಡೆ) ಮಾಡಿ ಕಿಯಾಯ್ ಅಂತ ಕೂಗು ಹೊಡೆದಾಗ ಮುಂದೆ ಇರುವುದು ಬಲಗಾಲು. ಅಲ್ಲಿಂದ ಮುಕ್ಕಾಲು ಸುತ್ತು ತಿರುಗಬೇಕು. ವಾಪಸ್ ಬರುವಾಗ ಮೂರನೇ ಓಯ್ ಜುಕಿ (ಹೆಜ್ಜೆ ಇಟ್ಟು ಕೊಡುವ ಗುದ್ದು) ಆದ ಮೇಲೆ ಮತ್ತೆ ಮುಕ್ಕಾಲು ಸುತ್ತು, ಅಲ್ಲೂ ಮುಂದೆ ಬಲಗಾಲೇ. ಅಂದರೆ ಎರಡು ದೊಡ್ಡ ತಿರುವಿನ ಭಾರವೂ ಬಲಗಾಲಿನ ಮೇಲೆ. ಸೊಂಟ ತಿರುಗಿತು, ಪಾದ ನೆಲಕ್ಕೆ ಅಂಟಿಕೊಂಡಿತು ಅಂದ್ರೆ ನಡುವೆ ಸಿಕ್ಕಿ ತಿರುಚಿಕೊಳ್ಳುವುದು ಮೊಣಕಾಲು. ಒರಟು ಸಿಮೆಂಟ್ ಅಂಗಳದಲ್ಲಿ ಶೂ ಹಾಕಿಕೊಂಡು ಮಾಡಿದರಂತೂ ಕೇಳುವುದೇ ಬೇಡ.

ಹಾಗಾಗಿ ಒಂದಷ್ಟು ದಿನ ಕಟಾ ಪೂರ್ತಿ ಬೇಡ, ಆ ತಿರುವು ಮಾತ್ರ ಸಾಕು. ಬರಿಗಾಲಲ್ಲಿ, ನಿಧಾನಕ್ಕೆ. ಎಡಗಾಲು ಹಿಂದಿನಿಂದ ಸುತ್ತಿ ಬರುವಾಗ ಬಲ ಪಾದವೂ ಜೊತೆಗೇ ತಿರುಗಲಿ. ಮೊಣಕಾಲು ಕಾಲ್ಬೆರಳು ನೋಡುವ ಕಡೆಗೇ ಇರಲಿ. ನೋವಿನ ಜೊತೆ ಬಾವು ಬಂದರೆ ಕಟಾ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ನನಗೆ ಪತ್ರ ಬರೆಯುತ್ತಾ ಕೂರಬೇಡಿ.

ಹೊಸ ಕಟಾ ಬೇಕೇ ಬೇಕು ಅಂದ್ರೆ ಅದೇ ಹೆಯಾನ್ ಶೋದಾನನ್ನು ಎಡಬಲ ಅದಲುಬದಲು ಮಾಡಿ. ಎಡಕ್ಕೆ ಶುರು ಮಾಡುವುದನ್ನು ಬಲಕ್ಕೆ ಶುರು ಮಾಡಿ. ಆಗ ತಿರುವಿನ ಭಾರ ಎಡಗಾಲಿಗೆ ಹೋಗುತ್ತದೆ, ಬಲಗಾಲಿಗೆ ರಜೆ. ಬರೀ 21 ಹೆಜ್ಜೆಯ ಕಟಾ. ಆದರೂ ನಡುವಿನಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡು ಸುಮ್ನೆ ನಿಂತುಬಿಡುತ್ತೀರಿ, ನೋಡಿ ಬೇಕಾದರೆ. ನನ್ನ ಕ್ಲಾಸಿನ ಬ್ಲ್ಯಾಕ್ ಬೆಲ್ಟಿನವರೇ ಬಿಳಿ ಬೆಲ್ಟಿನ ಮಕ್ಕಳ ಹಾಗೆ ಕಣ್ಣು ಬಿಡುತ್ತಾರೆ. ನನಗೆ ಅದು ನೋಡಲು ಬಲು ಖುಷಿ.

ಇನ್ನು ನಾಲ್ಕನೇ ಚಲನೆ. ಬಲಕ್ಕೆ ತಿರುಗಿ ಗೆದಾನ್ ಬರಾಯಿ (ಕೆಳಗಿನ ಪೆಟ್ಟಿಗೆ ತಡೆ) ಮಾಡಿದ ಮೇಲೆ ಬಲಗೈ ಎಳೆದುಕೊಂಡು, ಸುತ್ತಿಸಿ, ಮುಷ್ಟಿಯಿಂದ ಸುತ್ತಿಗೆಯ ಪೆಟ್ಟು ಕೊಡುತ್ತೇವಲ್ಲ, ಅದು. ಒಬ್ಬರೇ ಮಾಡುವವರು ಅಲ್ಲಿ ಬರೀ ಕೈ ಬೀಸುತ್ತಾರೆ. ಮಗಳನ್ನು ಕರೆದು ಮಣಿಕಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿ, ಎರಡೂ ಕೈಯಲ್ಲಿ. ಬರೀ ತೋಳಿನ ಬಲದಲ್ಲಿ ಎಳೆದರೆ ಕುಸ್ತಿ ಆಗುತ್ತದೆ. ಮುಂದಿನ ಕಾಲನ್ನು ಅರ್ಧ ಹಿಂದಕ್ಕೆ ತಂದು, ಸೊಂಟದ ಜೊತೆ ಅವಳ ಹೆಬ್ಬೆರಳುಗಳ ಕಡೆಗೆ ಎಳೆಯಿರಿ, ಕೈ ಬಿಡಿಸಿಕೊಳ್ಳುತ್ತದೆ. ಕಟಾದಲ್ಲಿ ಕಾಲು ಹಿಂದೆ ಬರುವುದು ಯಾಕೆ ಅಂತ ಆಗ ಕಾಲಿಗೇ ಗೊತ್ತಾಗುತ್ತದೆ. ಆಮೇಲೆ ನೀವೂ ಅವಳ ಕೈ ಹಿಡಿಯಿರಿ, ಅವಳು ಬಿಡಿಸಿಕೊಳ್ಳಲಿ. ಹೆಣ್ಣುಮಕ್ಕಳಿಗೆ ಬರಬೇಕಾದ ವಿದ್ಯೆ ಅದು.

ಜಾಗದ ಚಿಂತೆ ಬಿಡಿ. ಪಾಚಿ ಹಿಡಿದ ಅಂಗಳಕ್ಕೆ ಮಾತ್ರ ಇಳಿಯಲೇಬೇಡಿ. ಟೆಕ್ಕಿ ಶೋದಾನ್ ಪೂರ್ತಿ ಒಂದೇ ಗೆರೆಯಲ್ಲಿ ಅಡ್ಡಡ್ಡ ಹೋಗುವ ಕಟಾ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಮ್ಮ ಉದ್ದ ಚಾವಡಿಗೆ ಅಂತಲೇ ಮಾಡಿದ ಹಾಗಿದೆ. ನಮ್ಮನೆಯಲ್ಲಿ ಜಡಿಮಳೆ ಹೊಡೆಯುವಾಗ ನಾನು ಬೆಳಗ್ಗೆ ಅದನ್ನೇ ಮಾಡುವುದು. ಆರಾಮಕುರ್ಚಿಯಲ್ಲಿರುವ ಅತ್ತೆ ನಾನು ಹತ್ತಿರ ಬಂದಾಗ ಕಾಲು ಮಡಚಿಕೊಳ್ಳುತ್ತಾರೆ, ಆಚೆ ಹೋದಾಗ ಚಾಚುತ್ತಾರೆ. ಕಿಬಾ ದಾಚಿಯಲ್ಲಿ (ಕುದುರೆ ಸವಾರನ ಹಾಗೆ ಕಾಲು ಅಗಲಿಸಿದ ನಿಲುವು) ತುಂಬಾ ತಗ್ಗಬೇಕಾಗಿಲ್ಲ, ಮೊಣಕಾಲು ಒಳಗೆ ಬೀಳದಿದ್ದರೆ ಸಾಕು. ಪಾದ ಒಳಗಿನಿಂದ ಮೇಲೆತ್ತಿ ಅಲ್ಲೇ ಇಡುವ ನಾಮಿ ಗಾಯೆಶಿ ಬರುತ್ತದಲ್ಲ, ಆಗ ಎದುರಿನ ಗೋಡೆಯ ಮೇಲೆ ಒಂದು ಮೊಳೆ ನೋಡುತ್ತಾ ಇರಿ. ಮೊಳೆ ಮೇಲೆ ಕೆಳಗೆ ಕುಣಿದರೆ ಕುಣಿಯುತ್ತಿರುವುದು ನೀವು.

ಪ್ರಶ್ನೆ: ಮಗ ಸ್ಪರ್ಧೆಗೆ ಅಂತ ಯೂಟ್ಯೂಬ್ ನೋಡಿ ಪಿನಾನ್ ಶೋದಾನ್ ಕಲಿತ. ಕ್ಲಾಸಿನಲ್ಲಿ ಶೋದಾನ್ (ಮೊದಲನೆಯದು) ಮಾಡು ಅಂದಾಗ ಅದನ್ನೇ ಮಾಡಿದ. ಮಾಷ್ಟ್ರು "ಇದು ನಿದಾನ್ (ಎರಡನೆಯದು)" ಅಂದರಂತೆ. ಯಾರು ಸರಿ? (ಉಪ್ಪಳದ ಅಮ್ಮ)

ಉತ್ತರ: ಇಬ್ಬರೂ ಸರಿ. ಈ ಐದು ಕಟಾಗಳನ್ನು ಒಕಿನಾವಾದ ಶಾಲೆ ಮಕ್ಕಳಿಗಾಗಿ ಸಿದ್ಧ ಮಾಡಿದ್ದು ಇತೊಸು ಆಂಕೊ. ಅವರು ಇಟ್ಟ ಹೆಸರು ಪಿನಾನ್. ಶೋಟೋಕಾನ್ ಶುರು ಮಾಡಿದ ಫುನಾಕೋಶಿ ಅದನ್ನು ಹೆಯಾನ್ ಮಾಡಿದರು, ಸುಲಭದ್ದು ಮೊದಲು ಬರಲಿ ಅಂತ ಮೊದಲನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡಿದರು. ಹಾಗಾಗಿ ಶಿತೊ ರ್ಯು ಅನ್ನುವ ಇನ್ನೊಂದು ಶೈಲಿಯವರ ಪಿನಾನ್ ಶೋದಾನ್ ಶೋಟೋಕಾನಿನವರಿಗೆ ಹೆಯಾನ್ ನಿದಾನ್. ನಿಲುವು, ಕೈಯಲ್ಲೂ ವ್ಯತ್ಯಾಸ ಇದೆ. ಮಗನ ಕ್ಲಾಸ್ ಯಾವ ಶೈಲಿ ಅಂತ ಕೇಳಿಕೊಂಡು ಆ ಶೈಲಿಯ ವಿಡಿಯೋ ಮಾತ್ರ ನೋಡಲಿ. ಸ್ಪರ್ಧೆ ಹತ್ತಿರ ಇದ್ದರೆ ಅದನ್ನೂ ಬಿಟ್ಟು ಮಾಷ್ಟ್ರು ಹೇಳಿದ ಹಾಗೆ ಮಾಡಲಿ.