ಸಿಟ್ಟಿಗೆ ಯಾರನ್ನು ಕಾಣಬೇಕು?

ಮಕ್ಕಳ ಮೇಲೆ ಕೂಗಾಡಿ ಆಮೇಲೆ ಅಳುತ್ತೇನೆ, ಯಾರನ್ನು ಕಾಣಲಿ ಎಂದು ಕೇಳಿದ್ದೀರಿ. ಕ್ಲಿನಿಕಲ್ ಸೈಕಾಲಜಿಸ್ಟ್ (ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು) ಒಬ್ಬರನ್ನು ಕಾಣಿ. ಔಷಧಿ ಬೇಕೆನಿಸಿದರೆ ಅವರೇ ಮನೋವೈದ್ಯರ ಬಳಿ ಕಳುಹಿಸುತ್ತಾರೆ.

ಫೋನಿನಲ್ಲೇ ನೇರವಾಗಿ ಕೇಳಿ: ಸಿಟ್ಟಿನ ತೊಂದರೆ ಇರುವವರಿಗೆ ಚಿಕಿತ್ಸೆ ಕೊಟ್ಟಿದ್ದೀರಾ? ಸಿಬಿಟಿ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಬಳಸುತ್ತೀರಾ? ಸಿಟ್ಟಿನ ವಿಷಯದಲ್ಲಿ ಹೆಚ್ಚು ಅಧ್ಯಯನವಾಗಿರುವ ವಿಧಾನ ಅದೇ. ದಿಂಬಿಗೆ ಗುದ್ದಿ ಸಿಟ್ಟು ತೀರಿಸಿಕೊಳ್ಳಿ ಎನ್ನುವವರನ್ನು ದಯವಿಟ್ಟು ಬಿಟ್ಟುಬಿಡಿ. ಗುದ್ದಿದರೆ ಸಿಟ್ಟು ಆರುವುದಿಲ್ಲ, ಇನ್ನಷ್ಟು ಹೊತ್ತಿಕೊಳ್ಳಬಹುದು.

ನನ್ನ ಚಿಕಿತ್ಸಕಿ ಮೊದಲ ದಿನವೇ ಕೇಳಿದ್ದರು, "ಕೂಗುವ ಮುಂಚಿನ ಕ್ಷಣ ಮೈಯಲ್ಲಿ ಏನಾಗುತ್ತದೆ?" ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ. ಅದನ್ನು ಗುರುತಿಸಿ ಆ ಕೋಣೆಯಿಂದ ಹೊರಗೆ ಬರುವುದನ್ನು ಕಲಿಯಲು ನನಗೆ ತಿಂಗಳುಗಳೇ ಹಿಡಿದವು. ಮೂರ್ನಾಲ್ಕು ಭೇಟಿಯಾದರೂ ಮನಸ್ಸು ಬಿಚ್ಚಿ ಮಾತಾಡಲಾಗದಿದ್ದರೆ ಬೇರೆಯವರನ್ನು ಹುಡುಕಿ, ಸಂಕೋಚ ಬೇಡ. ಕೈ ಎತ್ತುವ ಹಂತಕ್ಕೆ ಬಂದಿದ್ದರೆ ಮಾತ್ರ ಕಾಯಬೇಡಿ, ಇವತ್ತೇ ಕರೆ ಮಾಡಿ.