ಫ್ಲ್ಯಾಶ್ ಕ್ಯಾಮೆರಾದಿಂದ ಕೆಳಗಿಳಿದಾಗ

ಪ್ರಶ್ನೆ: ಎರಡು ವರ್ಷದಿಂದ ಫೋಟೊ ತೆಗೆಯುತ್ತಿದ್ದೇನೆ. ಫ್ಲ್ಯಾಶನ್ನು ಕ್ಯಾಮೆರಾ ಮೇಲೆ ಕೂರಿಸಿ ತೆಗೆದರೆ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಬೀಳುತ್ತದೆ. ಫ್ಲ್ಯಾಶನ್ನು ಬೇರೆ ಕಡೆ ಇಟ್ಟು ಬಳಸಬೇಕೆಂಬ ಆಸೆ. ಏನೇನು ಬೇಕು, ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ: ಮುಖ ಬಿಳಿಚಿಕೊಳ್ಳುವುದಕ್ಕೂ ಗೋಡೆಯ ನೆರಳಿಗೂ ಕಾರಣ ಒಂದೇ. ನೀವು ನೋಡುವ ದಿಕ್ಕಿನಿಂದಲೇ ಬೆಳಕೂ ಹೊರಟಿದೆ. ಕಣ್ಣಿನ ಗುಳಿ, ಮೂಗಿನ ಪಕ್ಕ, ಕೆನ್ನೆಯ ಇಳಿಜಾರು ಎಲ್ಲಕ್ಕೂ ಬೆಳಕು ಸಮನಾಗಿ ತುಂಬಿಬಿಡುತ್ತದೆ. ಮುಖಕ್ಕೆ ಉಬ್ಬುತಗ್ಗು ಕೊಡಬೇಕಾದ ನೆರಳು ಬೆನ್ನ ಹಿಂದಿನ ಗೋಡೆಗೆ ಹೋಗಿ ಕೂರುತ್ತದೆ. ಫ್ಲ್ಯಾಶನ್ನು ಒಂದು ಮಾರು ಎಡಕ್ಕೆ, ತುಸು ಮೇಲಕ್ಕೆ ಒಯ್ದರೆ ಆ ನೆರಳು ಮುಖಕ್ಕೆ ಮರಳುತ್ತದೆ.

ಬೇಕಾದ ಸಾಮಾನು ಕಡಿಮೆ. ನಿಮ್ಮ ಫ್ಲ್ಯಾಶ್, ದೂರದ ಫ್ಲ್ಯಾಶನ್ನು ತಂತಿಯಿಲ್ಲದೆ ಮಿಂಚಿಸುವ, ಕ್ಯಾಮೆರಾಗೆ ಹೊಂದುವ ಒಂದು ರೇಡಿಯೊ ಟ್ರಿಗರ್ (ಫ್ಲ್ಯಾಶಿಗೆ ಸಿಕ್ಕಿಸುವ ಅದರ ರಿಸೀವರ್ ಸಮೇತ), ಒಂದು ಸ್ಟ್ಯಾಂಡ್, ಬೆಳಕು ಹಾಯುವ ಬಿಳಿ ಛತ್ರಿ, ಅದನ್ನು ಹಿಡಿಯುವ ಬ್ರ್ಯಾಕೆಟ್. ಟ್ರಿಗರ್ ಕೊಳ್ಳುವವರೆಗೆ ಫ್ಲ್ಯಾಶಿನ ಸ್ಲೇವ್ ಮೋಡ್ ಬಳಸಬಹುದು: ಕ್ಯಾಮೆರಾದ ಸಣ್ಣ ಫ್ಲ್ಯಾಶ್ ಮಿಂಚಿದ್ದನ್ನು ಕಂಡು ಇದೂ ಮಿಂಚುತ್ತದೆ. ಆದರೆ ಸಣ್ಣ ಫ್ಲ್ಯಾಶನ್ನು ಮ್ಯಾನ್ಯುವಲ್‌ನಲ್ಲಿ, ಅಂದರೆ ಶಕ್ತಿಯನ್ನು ನೀವೇ ಗೊತ್ತುಮಾಡುವ ಮೋಡ್‌ನಲ್ಲಿ, ಅತಿ ಕಡಿಮೆಗೆ ಇಳಿಸಿಕೊಳ್ಳಿ. ಟಿಟಿಎಲ್‌ನಲ್ಲಿ, ಅಂದರೆ ಕ್ಯಾಮೆರಾವೇ ಶಕ್ತಿಯನ್ನು ಗೊತ್ತುಮಾಡುವ ಮೋಡ್‌ನಲ್ಲಿ, ಬಿಟ್ಟರೆ ಅದು ಅಳತೆಗೆಂದು ಒಮ್ಮೆ ಮುಂಚಿತವಾಗಿ ಮಿಂಚುತ್ತದೆ. ಸಾದಾ ಸ್ಲೇವ್ ಅದಕ್ಕೇ ಮೋಸಹೋಗಿ ಶಟರ್ ತೆರೆಯುವ ಮೊದಲೇ ಬೆಳಕು ಚೆಲ್ಲಿಬಿಡುತ್ತದೆ. ಬಿಸಿಲಲ್ಲಂತೂ ಸ್ಲೇವ್ ನಂಬಿಕೆಗೆ ಅರ್ಹವಲ್ಲ.

ಇನ್ನು ಪಾಠ. ಮನೆಯವರನ್ನು ಮುಂದೆ ಕೂರಿಸಿಕೊಳ್ಳಬೇಡಿ, ಅವರಿಗೆ ಬೇಸರ ಬರುತ್ತದೆ, ನಿಮಗೆ ಗಾಬರಿಯಾಗುತ್ತದೆ. ರಾತ್ರಿ ಹೊತ್ತು ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಒಂದು ಬಿಳಿ ಮೊಟ್ಟೆ ಇಡಿ. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಹೆಚ್ಚಿದಷ್ಟು ಕಿಂಡಿ ಚಿಕ್ಕದು), ಶಟರ್ 1/160 ಸೆಕೆಂಡ್. ಫ್ಲ್ಯಾಶ್ ಆಫ್ ಮಾಡಿಯೇ ಮೊದಲ ಚಿತ್ರ ತೆಗೆಯಿರಿ. ಪೂರ್ತಿ ಕಪ್ಪು ಬರಬೇಕು. ಈ ಕಪ್ಪು ಚಿತ್ರ ತೆಗೆಯದೆ ಯಾರೂ ಮುಂದೆ ಹೋಗಬಾರದು ಎಂಬುದು ನನ್ನ ಹಟ. ಕೋಣೆಯ ಬೆಳಕು ಒಂದಿಷ್ಟೂ ಒಳಗೆ ಬಂದಿಲ್ಲ ಎಂದು ಖಾತ್ರಿಯಾದರೆ, ಆಮೇಲೆ ಚಿತ್ರದಲ್ಲಿ ಕಾಣುವುದೆಲ್ಲ ನೀವು ಇಟ್ಟ ಬೆಳಕೇ.

ಈಗ ಫ್ಲ್ಯಾಶನ್ನು ಮ್ಯಾನ್ಯುವಲ್‌ನಲ್ಲಿ ಪೂರ್ಣ ಶಕ್ತಿಯ 1/16ಕ್ಕೆ ಇಟ್ಟು, ಮೊಟ್ಟೆಯ ಎಡಗಡೆ ಒಂದು ಮೀಟರ್ ದೂರದಿಂದ ಮಿಂಚಿಸಿ. ಬೆಳಕು ಹೆಚ್ಚಾದರೆ 1/32ಕ್ಕೆ ಇಳಿಸಿ, ಕಡಿಮೆಯಾದರೆ 1/8ಕ್ಕೆ ಏರಿಸಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಎಡಕ್ಕೆ ಚುಕ್ಕೆಯಷ್ಟು ಹೊಳಪು, ನಡುವೆ ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆ, ಬಲಕ್ಕೆ ಕತ್ತಲು. ಆ ಕತ್ತಲ ಬದಿಯ ತಳದಲ್ಲಿ ನಸು ಬೆಳಕಿನ ಒಂದು ಅಂಚು ಕಂಡಿತೇ? ಅದು ಹಾಸಿದ ಬಿಳಿ ಕಾಗದ ಹಿಂದಿರುಗಿಸಿದ ಬೆಳಕು. ಕಾಗದ ತೆಗೆದು ಕಪ್ಪು ಬಟ್ಟೆ ಹಾಸಿ, ಅಂಚು ಮಾಯ. ರಿಫ್ಲೆಕ್ಟರ್ ಮಾಡುವ ಕೆಲಸ ಇಷ್ಟೇ.

ಆಮೇಲೆ ಛತ್ರಿ ಹಾಕಿ ಮೊಟ್ಟೆಯ ಹತ್ತಿರಕ್ಕೆ ತನ್ನಿ. ಚೂಪಾಗಿದ್ದ ಗೆರೆ ಕರಗಿ, ಬೆಳಕು ಕತ್ತಲೊಳಗೆ ಮೆಲ್ಲಗೆ ಇಳಿಯುತ್ತದೆ. ಅದೇ ಛತ್ರಿಯನ್ನು ಮೂರು ಮೀಟರ್ ಹಿಂದಕ್ಕೆ ಒಯ್ಯಿರಿ, ಗೆರೆ ಮತ್ತೆ ಚೂಪು. ಛತ್ರಿ ಇದ್ದರೆ ಬೆಳಕು ಮೃದು ಎಂದು ನಂಬಿ ನಾನು ಎಷ್ಟೋ ತಿಂಗಳು ಅದನ್ನು ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ್ದೆ, ಚಿತ್ರಗಳು ಒರಟಾಗಿಯೇ ಬರುತ್ತಿದ್ದವು. ಮೊಟ್ಟೆಯ ಜಾಗದಿಂದ ನೋಡಿದರೆ ಬೆಳಕು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲೆ ಮೃದುತನ ನಿಂತಿದೆ. ಇದು ಅರ್ಥವಾದ ದಿನ ನನ್ನ ಕೆಲಸವೇ ಬದಲಾಯಿತು.

ಗೋಡೆಯ ನೆರಳಿಗೆ ಬರೋಣ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ನಾಲ್ಕು ಪಟ್ಟಾದರೆ ಹದಿನಾರರಲ್ಲಿ ಒಂದು ಭಾಗ ಉಳಿಯುತ್ತದೆ. ಫ್ಲ್ಯಾಶಿನಿಂದ ವ್ಯಕ್ತಿ 1 ಮೀಟರ್, ಗೋಡೆ 4 ಮೀಟರ್ ಇದ್ದರೆ ಗೋಡೆಗೆ ಬೀಳುವ ಬೆಳಕು ನಾಲ್ಕು ಸ್ಟಾಪ್ ಕಡಿಮೆ (ಬೆಳಕು ಒಮ್ಮೆ ಅರ್ಧವಾದರೆ ಅದು ಒಂದು ಸ್ಟಾಪ್). ಬಿಳಿ ಗೋಡೆಯೂ ಕಡುಬೂದು ಆಗುತ್ತದೆ. ಆದ್ದರಿಂದ ವ್ಯಕ್ತಿಯನ್ನು ಗೋಡೆಯಿಂದ ಮುಂದಕ್ಕೆ ಕರೆತನ್ನಿ, ಬೆಳಕನ್ನು ಅವರ ಹತ್ತಿರಕ್ಕೆ ತನ್ನಿ.

ಪ್ರಶ್ನೆ: ಸಂಜೆ ಆಕಾಶ ಗಾಢವಾಗಿ ಬರಲಿ ಎಂದು ಶಟರ್ 1/500 ಇಟ್ಟೆ. ಟ್ರಿಗರ್ ಸರಿಯಾಗಿಯೇ ಕೆಲಸ ಮಾಡಿತು, ಆದರೆ ಚಿತ್ರದ ಕೆಳಗಡೆ ದಪ್ಪ ಕಪ್ಪು ಪಟ್ಟಿ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ನಿಶ್ಚಿಂತೆಯಿಂದಿರಿ. ಶಟರ್‌ನಲ್ಲಿ ಎರಡು ಪರದೆಗಳಿವೆ. ಮೊದಲನೆಯದು ಸರಿದು ಸೆನ್ಸರ್ ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ವೇಗ ಹೆಚ್ಚಿಸಿದಾಗ ಮೊದಲನೆಯದು ತುದಿ ಮುಟ್ಟುವ ಮೊದಲೇ ಎರಡನೆಯದು ಹೊರಟಿರುತ್ತದೆ. ಆಗ ಸೆನ್ಸರ್ ಒಂದೇ ಸಲ ಪೂರ್ತಿ ತೆರೆದಿರುವುದೇ ಇಲ್ಲ. ಫ್ಲ್ಯಾಶ್ ಮಿಂಚಿದ ಕ್ಷಣದಲ್ಲಿ ಪರದೆ ಮುಚ್ಚಿದ್ದ ಭಾಗವೇ ಆ ಕಪ್ಪು ಪಟ್ಟಿ. ಪೂರ್ತಿ ತೆರೆದಿರುವ ಅತಿ ಹೆಚ್ಚಿನ ವೇಗಕ್ಕೆ ಸಿಂಕ್ ಸ್ಪೀಡ್ ಎನ್ನುತ್ತಾರೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಹೈಸ್ಪೀಡ್ ಸಿಂಕ್ ಇದ್ದರೆ ದಾಟಬಹುದು, ಆದರೆ ಆಗ ಫ್ಲ್ಯಾಶ್ ಒಂದೇ ಸಲ ಮಿಂಚದೆ ಬೇಗಬೇಗ ಮಿಡಿಯುತ್ತದೆ, ಶಕ್ತಿ ಬಹಳ ಸೋರಿಹೋಗುತ್ತದೆ.

ಆಕಾಶದ ಆಸೆ ಬಿಡಬೇಡಿ. ಫ್ಲ್ಯಾಶಿನ ಮಿಂಚು ಶಟರ್ ತೆರೆದಿರುವ ಹೊತ್ತಿಗಿಂತ ಸಾಮಾನ್ಯವಾಗಿ ಬಹಳ ಚಿಕ್ಕದು. ಹಾಗಾಗಿ ಸಿಂಕ್ ಸ್ಪೀಡಿನ ಒಳಗೆ ಶಟರ್ ಬದಲಿಸಿದರೆ ಆಕಾಶ ಮಾತ್ರ ಬದಲಾಗುತ್ತದೆ, ಫ್ಲ್ಯಾಶ್ ಬೆಳಗಿದ ಮುಖ ಹೆಚ್ಚುಕಡಿಮೆ ಹಾಗೇ ಇರುತ್ತದೆ. 1/50ರಲ್ಲಿ ಆಕಾಶ ತಿಳಿಯಾಗಿ, 1/200ರಲ್ಲಿ ಎರಡು ಸ್ಟಾಪ್ ಗಾಢವಾಗಿ. ಇನ್ನೂ ಗಾಢ ಬೇಕೆಂದರೆ ಎಫ್/5.6ರಿಂದ ಎಫ್/8ಕ್ಕೆ ಹೋಗಿ, ಮುಖ ಮಂಕಾಗದಂತೆ ಫ್ಲ್ಯಾಶಿನ ಶಕ್ತಿಯನ್ನು ಎರಡರಷ್ಟು ಮಾಡಿ. ಇಲ್ಲವೇ ಹತ್ತು ನಿಮಿಷ ಕಾಯಿರಿ, ನಾನಾಗಿದ್ದರೆ ಕಾಯುತ್ತಿದ್ದೆ.

ಪ್ರಶ್ನೆ: ಹಳದಿ ಬಲ್ಬಿನ ಕೋಣೆಯಲ್ಲಿ ಫ್ಲ್ಯಾಶ್ ಬಳಸಿದರೆ ಮುಖ ಒಂದು ಬಣ್ಣ, ಹಿನ್ನೆಲೆ ಇನ್ನೊಂದು ಬಣ್ಣ.

ಉತ್ತರ: ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟು ಬೆಳಕು ಹಳದಿ. ಫ್ಲ್ಯಾಶಿನ ಬೆಳಕು ಸುಮಾರು 5500 ಕೆಲ್ವಿನ್, ಟಂಗ್‌ಸ್ಟನ್ (ಹಳದಿ ತಂತಿ) ಬಲ್ಬಿನದು 3000ದ ಆಸುಪಾಸು. ಫ್ಲ್ಯಾಶಿನ ಮುಂದೆ ಅದರ ಬೆಳಕನ್ನು ಬಲ್ಬಿನ ಬಣ್ಣಕ್ಕೆ ತರುವ ಸಿಟಿಒ ಜೆಲ್ ಎಂಬ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ ಅಂಟಿಸಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಟಂಗ್‌ಸ್ಟನ್‌ಗೆ ಇಡಿ.

ಪ್ರಶ್ನೆ: ಅಪ್ಪ ಫಿಲ್ಮ್ ಕಾಲದಲ್ಲಿ ಬಳಸಿದ ಫ್ಲ್ಯಾಶ್ ಇನ್ನೂ ಕೆಲಸ ಮಾಡುತ್ತಿದೆ. ನನ್ನ ಡಿಜಿಟಲ್ ಕ್ಯಾಮೆರಾಗೆ ಹಾಕಬಹುದೇ?

ಉತ್ತರ: ಕ್ಯಾಮೆರಾ ಮೇಲೆ ಫ್ಲ್ಯಾಶ್ ಕೂರಿಸುವ ಹಾಟ್ ಶೂಗೆ ನೇರವಾಗಿ ಹಾಕಬೇಡಿ. ಹಳೆಯ ಕೆಲವು ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್ (ಕ್ಯಾಮೆರಾಗೆ ತಾಗುವ ಪಾದದಲ್ಲಿರುವ ವೋಲ್ಟೇಜ್) 200 ದಾಟುತ್ತದೆ, ಈಗಿನ ಕ್ಯಾಮೆರಾಗಳ ಒಳಗಿನ ಸರ್ಕ್ಯೂಟ್ ಅದನ್ನು ತಾಳದೆ ಹೋಗಬಹುದು. ಫ್ಲ್ಯಾಶ್ ಪೂರ್ತಿ ಚಾರ್ಜ್ ಆದ ಮೇಲೆ ಅದರ ಪಾದದ ನಡುವಿನ ಬಿಂದುವಿಗೂ ಪಕ್ಕದ ಲೋಹಕ್ಕೂ ಮಲ್ಟಿಮೀಟರ್ ಹಿಡಿಸಿ ಅಳೆಸಿ, ನಿಮ್ಮ ಕ್ಯಾಮೆರಾದ ಕೈಪಿಡಿ ಒಪ್ಪುವ ಮಿತಿಯೊಂದಿಗೆ ಹೋಲಿಸಿ. ರೇಡಿಯೊ ರಿಸೀವರ್‌ಗೂ ಇಂಥದೇ ಮಿತಿ ಇರುತ್ತದೆ. ಹೆಚ್ಚಿನ ವೋಲ್ಟೇಜ್ ತಾಳುವ ಸ್ಲೇವ್ ಕಣ್ಣೊಂದನ್ನು ಅದರ ಪಾದಕ್ಕೆ ಸಿಕ್ಕಿಸಿ ದೂರ ನಿಲ್ಲಿಸಿದರೆ ಕ್ಯಾಮೆರಾಗೆ ಅಪಾಯವಿಲ್ಲ, ಅಪ್ಪನ ಫ್ಲ್ಯಾಶ್ ನಿಮ್ಮ ಎರಡನೆಯ ಬೆಳಕಾಗುತ್ತದೆ. ಕೆಟ್ಟರೆ ಮಾತ್ರ ಬಿಚ್ಚಲು ಹೋಗಬೇಡಿ. ಬ್ಯಾಟರಿ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಮುನ್ನೂರು ವೋಲ್ಟ್‌ವರೆಗೆ ಉಳಿದಿರಬಹುದು.